ಕಿರುತೆರೆಯ ರಹೋಭ್ಯಾಖ್ಯಾನ

ಅಮೆರಿಕದ ಡಲ್ಲಾಸ್ ನಗರದ ವಕೀಲ ಬಾಬಿ ಗೋಲ್ಡ್‌ಸ್ಟೀನ್ ರೂಪಿಸಿದ ‘ಚೀಟರ್ಸ್’ ಎಂಬ ಕಾರ್ಯಕ್ರಮದ ಪ್ರಸಾರ 2000ದಲ್ಲಿ ಆರಂಭವಾಯಿತು. ಮುಂದೆ ನಿರೂಪಕರು ಬದಲಾದರು. ಕಾರ್ಯಕ್ರಮದ ಕ್ರಮ ಬದಲಾಗಲಿಲ್ಲ. ಸಂಗಾತಿಯ ನಿಷ್ಠೆಯನ್ನು ಶಂಕಿಸುವ ಗಂಡನೋ ಹೆಂಡತಿಯೋ ಪ್ರೇಮಿಯೋ ದೂರು ಕೊಡುತ್ತಾರೆ. ಪತ್ತೇದಾರರು ಕೆಲವು ದಿನ ಆ ಸಂಗಾತಿಯ ಬೆನ್ನು ಹತ್ತಿ ಮರೆಯಿಂದ ಚಿತ್ರೀಕರಿಸುತ್ತಾರೆ. ನಿರೂಪಕನು ಆ ದೃಶ್ಯಗಳನ್ನು ದೂರುದಾರರಿಗೆ ತೋರಿಸುತ್ತಾನೆ. ಆಮೇಲೆ ಅವರನ್ನು ವಾಹನದಲ್ಲಿ ಕೂರಿಸಿ, ಸಂಗಾತಿಯು ಮತ್ತೊಬ್ಬರೊಡನೆ ಇರುವ ಸ್ಥಳಕ್ಕೇ ಕರೆದೊಯ್ಯಲಾಗುತ್ತದೆ. ಮುಂದಿನದು ಊಹಿಸಬಹುದಾದದ್ದೇ: ಬೈಗುಳ, ಅಳು, ತಳ್ಳಾಟ, ಸುತ್ತ ನೆರೆಯುವ ದಾರಿಹೋಕರು.

ಈ ಕಾರ್ಯಕ್ರಮದ ನಿಜವಾದ ವಸ್ತು ವ್ಯಭಿಚಾರವಲ್ಲ. ಮರೆಯಲ್ಲಿ ತೆಗೆದ ಚಿತ್ರಗಳು ಬಹುಪಾಲು ಮಸುಕು ಮಸುಕಾದವು. ದೂರದಿಂದ ಕಂಡ ಇಬ್ಬರು, ಒಂದು ಕಾರು, ಒಂದು ಬಾಗಿಲು. ಆ ಚಿತ್ರಗಳನ್ನು ತೋರಿಸುವಾಗ ಇನ್ನೊಂದು ಕ್ಯಾಮೆರಾ ದೂರುದಾರರ ಮುಖಕ್ಕೆ ತೀರ ಹತ್ತಿರದಲ್ಲಿರುತ್ತದೆ. ನಂಬಿಕೆ ಒಡೆಯುವ ಕ್ಷಣದಲ್ಲಿ ಮನುಷ್ಯನ ಮುಖ ಹೇಗಾಗುತ್ತದೆ ಎಂಬುದೇ ಮಾರಾಟದ ಸರಕು. ತಪ್ಪು ಮಾಡಿದವರಿಗಿಂತ ತಪ್ಪಿಗೆ ಗುರಿಯಾದವರೇ ಹೆಚ್ಚು ಬಯಲಾಗುವುದು ಇಲ್ಲಿನ ವಿಪರ್ಯಾಸ. ಕೆಲವು ಪ್ರಸಂಗಗಳು ದುಡ್ಡು ಕೊಟ್ಟು ಆಡಿಸಿದವು ಎಂಬ ಆಪಾದನೆಯೂ ಕೇಳಿಬಂದಿದೆ. ಅದು ನಿಜವಾದರೆ ಕಾರ್ಯಕ್ರಮ ಸತ್ಯದ ಹೆಸರು ಹೇಳುವ ಅರ್ಹತೆಯನ್ನೇ ಕಳೆದುಕೊಳ್ಳುತ್ತದೆ. ಆದರೆ ನೋಡುವವರ ಮನಸ್ಸಿನಲ್ಲಿ ನಡೆಯುವ ಕೆಲಸ ಎರಡು ಸಂದರ್ಭದಲ್ಲೂ ಒಂದೇ.

ಇಂಥ ಕಾರ್ಯಕ್ರಮದ ಪರವಾಗಿ ಹೇಳಬಹುದಾದ ಬಲವಾದ ಮಾತೊಂದಿದೆ. ವಂಚನೆಗೊಳಗಾದ ಹೆಂಡತಿಗೆ ಸತ್ಯ ತಿಳಿಯುವ ಹಕ್ಕಿದೆ. ಆಕೆಯ ಆರೋಗ್ಯ, ಆಸ್ತಿ, ಮಕ್ಕಳ ಭವಿಷ್ಯ ಎಲ್ಲವೂ ಆ ಸತ್ಯಕ್ಕೆ ಕಟ್ಟುಬಿದ್ದಿರುತ್ತವೆ. ಇದನ್ನು ಅಲ್ಲಗಳೆಯುವವರು ಧರ್ಮದ ಪಕ್ಷದಲ್ಲಿರುವುದಿಲ್ಲ. ಆದರೆ ಆಕೆಗೆ ತಿಳಿಸುವುದು ಬೇರೆ, ಆಕೆಗೆ ತಿಳಿಸುವುದನ್ನು ಲೋಕಕ್ಕೆ ತೋರಿಸುವುದು ಬೇರೆ. ಮೊದಲನೆಯದಕ್ಕೆ ಒಂದು ಕೋಣೆ, ಒಬ್ಬ ಹಿತೈಷಿ ಸಾಕು. ಎರಡನೆಯದಕ್ಕೆ ಜಾಹೀರಾತುದಾರ ಬೇಕು.

ಈ ವ್ಯತ್ಯಾಸವನ್ನು ಶ್ರಾವಕಾಚಾರ ಬಹು ಹಿಂದೆಯೇ ಗುರುತಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೂ ಒಂದು: ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ್ದನ್ನು ಬಹಿರಂಗಪಡಿಸುವುದು. ಗಮನಿಸಬೇಕಾದ ಸಂಗತಿಯೆಂದರೆ, ಇದನ್ನು ಇಟ್ಟಿರುವುದು ಬ್ರಹ್ಮಚರ್ಯಾಣುವ್ರತದ ಕೆಳಗಲ್ಲ, ಸತ್ಯದ ಕೆಳಗೆ. ನಡೆದದ್ದನ್ನು ನಡೆದಂತೆ ಹೇಳಿದರೂ ಸತ್ಯವ್ರತಕ್ಕೆ ಕಲೆ ತಗಲುತ್ತದೆ. ಇದು ಹೇಗೆಂಬುದಕ್ಕೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಉತ್ತರವಿದೆ: ಪ್ರಾಣಿಗೆ ಪೀಡೆ ತರುವ ಮಾತು ಇದ್ದದ್ದನ್ನು ಕುರಿತಿರಲಿ, ಇಲ್ಲದ್ದನ್ನು ಕುರಿತಿರಲಿ, ಅಪ್ರಶಸ್ತವೇ. ಡಲ್ಲಾಸಿನ ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂಬ ಸಮರ್ಥನೆ ಇಲ್ಲಿಗೆ ನಿಂತುಹೋಗುತ್ತದೆ.

ಅದೇ ಪಟ್ಟಿಯ ಕೊನೆಯ ಅತಿಚಾರ ಸಾಕಾರಮಂತ್ರಭೇದ: ಅಂಗವಿಕಾರ, ಹುಬ್ಬಿನ ಚಲನೆ ಮುಂತಾದ ಚಿಹ್ನೆಗಳಿಂದ ಪರರ ಅಭಿಪ್ರಾಯವನ್ನು ಊಹಿಸಿ, ಅಸೂಯೆಯಿಂದ ಹೊರಗೆಡಹುವುದು. ಸುಳ್ಳುಪತ್ತೆ ಯಂತ್ರ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಉಸಿರು, ನಾಡಿ, ಚರ್ಮದ ಬೆವರು ಇವುಗಳನ್ನು ಅದು ಅಳೆಯುತ್ತದೆ, ಸುಳ್ಳನ್ನಲ್ಲ. ಹೆದರಿದ ಪ್ರಾಮಾಣಿಕನೂ ಬೆವರುತ್ತಾನೆ. ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಒಳಪಡಿಸಕೂಡದೆಂದೂ, ಒಪ್ಪಿಗೆಯಿದ್ದರೂ ಅದರ ಫಲಿತಾಂಶವೇ ಸಾಕ್ಷ್ಯವಾಗದೆಂದೂ ತೀರ್ಪಿತ್ತಿತು.

ಬ್ರಿಟನ್ನಿನ ಐಟಿವಿ ವಾಹಿನಿ 2005ರಿಂದ ನಡೆಸಿದ ‘ದಿ ಜೆರೆಮಿ ಕೈಲ್ ಷೋ’ದಲ್ಲಿ ದಾಂಪತ್ಯನಿಷ್ಠೆಯನ್ನು ತೂಗುತ್ತಿದ್ದುದು ಈ ಯಂತ್ರದಿಂದಲೇ. ಹೆಂಡತಿಯ ಪರಸಂಬಂಧದ ಕಾರಣಕ್ಕೆ ಅದರ ವೇದಿಕೆಯಲ್ಲೇ ಹೊಡೆದಾಟ ನಡೆದು ಪ್ರಕರಣ ನ್ಯಾಯಾಲಯಕ್ಕೆ ಹೋದಾಗ, ಮ್ಯಾಂಚೆಸ್ಟರಿನ ನ್ಯಾಯಾಧೀಶರೊಬ್ಬರು 2007ರಲ್ಲಿ ಅದನ್ನು ಕರಡಿಯ ಮೇಲೆ ನಾಯಿ ಬಿಟ್ಟು ನೋಡುವ ಹಳೆಯ ವಿನೋದಕ್ಕೆ ಹೋಲಿಸಿದರು. ಆದರೂ ಅದು ಇನ್ನೂ ಹನ್ನೆರಡು ವರ್ಷ ನಡೆಯಿತು. 2019ರ ಮೇ ತಿಂಗಳಲ್ಲಿ, ತಾನು ವಂಚಿಸಿಲ್ಲವೆಂದು ಸಾಧಿಸಲು ಬಂದು ಯಂತ್ರದ ಪರೀಕ್ಷೆಯಲ್ಲಿ ಸೋತ ಒಬ್ಬನು ಚಿತ್ರೀಕರಣದ ಕೆಲವೇ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಕಾರ್ಯಕ್ರಮವನ್ನು ಅದೇ ತಿಂಗಳು ಕೈಬಿಡಲಾಯಿತು. ಆ ಸಂಚಿಕೆ ಪ್ರಸಾರವಾಗಲಿಲ್ಲ. ಸಾವಿಗೆ ಕಾರ್ಯಕ್ರಮವೇ ಕಾರಣವೆಂದು ಸಿದ್ಧವಾಗಿಲ್ಲ ಎಂಬುದು 2024ರ ಮರಣವಿಚಾರಣೆಯ ನಿರ್ಣಯ. ಅದನ್ನೂ ಹೇಳುವುದು ನ್ಯಾಯ. ಆದರೆ ಹಿಂಸೆಯ ವಿಚಾರ ಬಂದಾಗ ಶ್ರಾವಕನು ಕೇಳಬೇಕಾದ ಪ್ರಶ್ನೆ ನ್ಯಾಯಾಲಯದ ಪ್ರಶ್ನೆಗಿಂತ ಸೂಕ್ಷ್ಮವಾದದ್ದು. ಪ್ರಮಾದವಿತ್ತೇ ಇಲ್ಲವೇ ಎಂಬುದು ಆ ಪ್ರಶ್ನೆ.

ಭಾರತದಲ್ಲಿ 2009ರಲ್ಲಿ ಬಿಂದಾಸ್ ವಾಹಿನಿ ಆರಂಭಿಸಿದ ‘ಇಮೋಷನಲ್ ಅತ್ಯಾಚಾರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಶಂಕಿತನನ್ನು ಹಿಂಬಾಲಿಸುವುದಷ್ಟೇ ಅಲ್ಲ, ಅವನ ಸ್ನೇಹ ಬೆಳೆಸಿ ಆಸೆ ಹುಟ್ಟಿಸಲು ಒಬ್ಬಳನ್ನು ನೇಮಿಸಲಾಗುತ್ತಿತ್ತು. ಬೀಳುವವನನ್ನು ಹಿಡಿದು ನಿಲ್ಲಿಸುವುದು ಸ್ಥಿತಿಕರಣ. ನಿಂತವನ ಕಾಲಡಿ ಎಣ್ಣೆ ಸುರಿದು ಬೀಳುವನೋ ಎಂದು ಕಾಯುವುದಕ್ಕೆ ಶಾಸ್ತ್ರದಲ್ಲಿ ಹೆಸರಿದ್ದಂತಿಲ್ಲ. ಉಪಗೂಹನಕ್ಕೆ ಹೇಳುವ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ಎಲ್ಲರಿಗೂ ತಿಳಿದದ್ದೇ. ವ್ರತಿಯ ವೇಷದಲ್ಲಿ ಬಂದು ರತ್ನ ಕದ್ದ ಕಳ್ಳನನ್ನು ಅವನು ಜನರೆದುರು ಕಾಪಾಡಿ, ಏಕಾಂತದಲ್ಲಿ ಗದರಿಸಿ ಕಳುಹಿಸಿದನು. ಇಲ್ಲೊಂದು ಎಚ್ಚರಿಕೆ ಅವಶ್ಯ. ಮನೆತನದ ಮಾನದ ನೆಪದಲ್ಲಿ ನೊಂದ ಸೊಸೆಯ ಬಾಯಿ ಮುಚ್ಚಿಸುವುದನ್ನು ಉಪಗೂಹನವೆಂದು ಕರೆಯುವ ಹಿರಿಯರಿದ್ದಾರೆ. ಜಿನೇಂದ್ರಭಕ್ತನು ಮನ್ನಿಸಿದ್ದು ತನಗಾದ ನಷ್ಟವನ್ನು. ಪರರಿಗಾದ ನಷ್ಟವನ್ನು ಮನ್ನಿಸುವ ಅಧಿಕಾರ ಅವನಿಗೂ ಇರಲಿಲ್ಲ.

ನೋಡುವವನ ಪಾಲೆಷ್ಟು? ಕೃತ, ಕಾರಿತ, ಅನುಮೋದನಗಳಲ್ಲಿ ಮೂರನೆಯದು ಅವನದು. ಡಲ್ಲಾಸು ದೂರವೆಂಬ ಸಮಾಧಾನಕ್ಕೂ ಈಗ ಎಡೆಯಿಲ್ಲ. ವಸತಿಗೃಹದ ಬಾಗಿಲಲ್ಲಿ ಸಿಕ್ಕಿಬಿದ್ದ ಯಾವುದೋ ಜೋಡಿಯ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತದೆ. ಬೆಳಿಗ್ಗೆ ಸ್ತೋತ್ರ ಕಳುಹಿಸಿದ ವಾಟ್ಸ್‌ಆ್ಯಪ್ ಗುಂಪಿಗೇ ಮಧ್ಯಾಹ್ನ ಅದೂ ಬರುತ್ತದೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ಪ್ರವಚನ ಮುಗಿದ ಮೇಲೆ ಬಸದಿಯ ಜಗಲಿಯಲ್ಲಿ ನಡೆಯುವ ಮಾತುಕತೆಗೆ ಕ್ಯಾಮೆರಾ ಇಲ್ಲದಿರುವುದೊಂದೇ ವ್ಯತ್ಯಾಸ.

ಗುಪ್ತವಾಗಿ ಹಿಂಬಾಲಿಸಿ ಸಂಗಾತಿಯ ದ್ರೋಹವನ್ನು ಕಾಣುವ ಪ್ರಸಂಗ ಕನ್ನಡಕ್ಕೆ ಹೊಸದಲ್ಲ. ಜನ್ನನ ‘ಯಶೋಧರ ಚರಿತೆ’ ರಚನೆಯಾದದ್ದು 1209ರಲ್ಲಿ. ಅಮೃತಮತಿಯ ಹಿಂದೆ ಇರುಳಿನಲ್ಲಿ ನಡೆದ ಯಶೋಧರನು ಮಾವುತನ ಬಳಿಯಲ್ಲಿ ಅವಳನ್ನು ಕಾಣುತ್ತಾನೆ. ಕತ್ತಿ ಎತ್ತಿ, ತಡೆದುಕೊಳ್ಳುತ್ತಾನೆ. ‘ಚೀಟರ್ಸ್’ ತನ್ನ ಶಿಖರವೆಂದು ಭಾವಿಸುವ ಸ್ಥಾನ ಇದು. ಆ ಜೋಡಿಯ ಮುಂದಿನ ಗತಿಗೆ ಅದು ಕೊನೆಯಲ್ಲಿ ಕೊಡುವುದು ಕೆಲವೇ ವಾಕ್ಯ. ಜನ್ನನಿಗೆ ಕಥೆ ಇಲ್ಲಿಂದ ಬೆಳೆಯುತ್ತದೆ. ಕಂಡದ್ದು ಕಂಡವನೊಳಗೆ ಏನು ಮಾಡಿತೆಂಬುದರತ್ತ ಅವನು ತಿರುಗುತ್ತಾನೆ: ಮರುದಿನ ಹೂವಿನಿಂದ ಹೊಡೆದ ಆ ಚುಚ್ಚು, ತಾಯಿಯ ಮುಂದೆ ಹೇಳಿದ ಸುಳ್ಳು ಕನಸು, ಹಿಟ್ಟಿನ ಕೋಳಿಯ ಬಲಿ, ವಿಷ, ನವಿಲಾಗಿ ನಾಯಾಗಿ ತೊಳಲಿದ ತಾಯಿಮಕ್ಕಳು. ಅಭಯರುಚಿಯು ಮಾರಿದತ್ತನೆದುರು ನಿಂತು ಎಲ್ಲವನ್ನೂ ಹೇಳುವವರೆಗೆ ಆ ಒಂದು ಇರುಳಿನ ಲೆಕ್ಕ ಮುಗಿಯುವುದಿಲ್ಲ.