ಹಿಟ್ಟಿನ ಕೋಳಿಯೂ ಪರದೆಯ ಮೇಲಿನ ಮಹಾಯುದ್ಧವೂ

ಬೀದರ ತಾಲ್ಲೂಕಿನ ಮನ್ನಳ್ಳಿಯ ಬಾಲಕರಿಗೆ ವಾಯುಪಡೆಯ ವಿಮಾನಗಳು ಅಪರಿಚಿತವಲ್ಲ. ಬೀದರಿನ ವಾಯುನೆಲೆಯಲ್ಲಿ ಯುದ್ಧವೈಮಾನಿಕರ ತರಬೇತಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಇಂದು ಯುದ್ಧವು ಆಕಾಶಮಾರ್ಗದಿಂದ ಮಾತ್ರವಲ್ಲದೆ ಗಣಕಯಂತ್ರದ ಮೂಲಕ ಮನೆಯ ಪಡಸಾಲೆಗೂ ಬಂದಿಳಿದಿದೆ. ರಜೆಗೆಂದು ಊರಿಗೆ ಬಂದ ಕಾಲೇಜು ವಿದ್ಯಾರ್ಥಿಯ ಎದುರು ಇಡೀ ಭೂಮಂಡಲದ ನಕ್ಷೆ ಹರಡಿರುತ್ತದೆ. ಅವನು ಒಂದು ದೇಶದ ಅಧಿಪತಿ. "ಹೊತ್ತು ಮುಳುಗುತ್ತದೆ, ಊಟಕ್ಕೆ ಏಳಪ್ಪ" ಎಂದು ತಾಯಿ ಕರೆದರೆ, "ಈ ಯುದ್ಧ ಮುಗಿಸಿ ಬಂದೆನವ್ವಾ" ಎಂಬ ಉತ್ತರ ಬರುತ್ತದೆ. ಹಿರಿಯರು ಆಕ್ಷೇಪಿಸಿದರೆ ಆ ತರುಣನ ಪ್ರಶ್ನೆ ಸಿದ್ಧವಾಗಿಯೇ ಇದೆ: "ಇದು ಆಟ ತಾನೆ? ಇದರಿಂದ ಸತ್ತವರು ಯಾರು?"

ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವುದು ಸುಲಭ. ವಿಚಾರಿಸಿ ಉತ್ತರಿಸುವುದೇ ಧರ್ಮಕ್ಕೆ ಒಪ್ಪುವ ಮಾರ್ಗ.

ಮೊದಲು ಈ ಆಟಗಳಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಬೇಕು. ಕಂಡವರ ಮೇಲೆ ಗುಂಡು ಹಾರಿಸುವ ಆಟಗಳ ಸಾಲಿಗೆ ಇವು ಸೇರವು. ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆಯ 'ಹಾರ್ಟ್ಸ್ ಆಫ್ ಐರನ್' ಮಾಲಿಕೆ 2002ರಲ್ಲಿ ಆರಂಭವಾಗಿ, ಅದರ ನಾಲ್ಕನೆಯ ಆಟ 2016ರಲ್ಲಿ ಹೊರಬಂದಿತು. 1936ರಿಂದ ತೊಡಗಿ ಎರಡನೆಯ ಮಹಾಯುದ್ಧದ ಕಾಲವೆಲ್ಲ ಅದರ ರಂಗಭೂಮಿ. ಅಲ್ಲಿ ಜಯವು ಶೌರ್ಯದಿಂದಲ್ಲ, ಕಾರ್ಖಾನೆ, ಉಕ್ಕು, ತೈಲ, ರಬ್ಬರುಗಳ ಸಂಯೋಜನೆಯಿಂದ ದೊರೆಯುತ್ತದೆ. ಫ್ರಾನ್ಸಿನ ಎವರ್‌ಸಿಮ್ ಸಂಸ್ಥೆಯ 'ಪವರ್ ಅಂಡ್ ರೆವೊಲ್ಯೂಷನ್' ವರ್ತಮಾನ ಕಾಲದ ದೇಶಗಳನ್ನೇ ಆಟಗಾರನ ಕೈಗಿತ್ತು, ತೆರಿಗೆ, ಆಯವ್ಯಯ, ಶಾಸನ, ರಾಯಭಾರಗಳನ್ನು ನಿರ್ವಹಿಸಲು ಹೇಳುತ್ತದೆ. ಭೂಗೋಳದ ಪರಿಚಯ, ದೀರ್ಘಾಲೋಚನೆ, ತಾಳ್ಮೆ ಇವುಗಳಿಂದ ಲಭಿಸುವುದು ಸುಳ್ಳಲ್ಲ.

ರಾಜ್ಯತಂತ್ರದ ಚಿಂತನೆಯನ್ನೇ ಜೈನಧರ್ಮ ನಿಷೇಧಿಸಿದೆಯೆಂದು ಹೇಳುವಂತೆಯೂ ಇಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಸೋಮದೇವಸೂರಿಗಳು ಸ್ವತಃ ದಿಗಂಬರ ಆಚಾರ್ಯರಾಗಿದ್ದು 'ನೀತಿವಾಕ್ಯಾಮೃತ'ವೆಂಬ ರಾಜನೀತಿಗ್ರಂಥವನ್ನು ರಚಿಸಿದರು. ಕೋಶ, ದುರ್ಗ, ಮಿತ್ರ, ಸೈನ್ಯ ಮೊದಲಾಗಿ ಇಂದಿನ ಆಟಗಾರ ಪರದೆಯ ಮೇಲೆ ಎಣಿಸುವ ಎಲ್ಲವೂ ಅದರಲ್ಲಿ ವಿಚಾರಿತವಾಗಿವೆ. ಆದರೆ ಅದೇ ಲೇಖನಿ 959ರಲ್ಲಿ 'ಯಶಸ್ತಿಲಕ'ವನ್ನೂ ಬರೆದು ಮುಗಿಸಿತು. ಅದು ಯಶೋಧರನ ಕಥೆ. 1209ರಲ್ಲಿ ಜನ್ನನು ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದ 'ಯಶೋಧರ ಚರಿತೆ'ಯ ವಸ್ತುವೂ ಅದೇ. ರಾಜನೀತಿ ಬಲ್ಲ ಆಚಾರ್ಯರಿಗೆ ಹಿಟ್ಟಿನ ಕೋಳಿಯ ಕಥೆಯನ್ನೂ ಹೇಳಬೇಕೆನಿಸಿತೆಂಬುದು ಗಮನಾರ್ಹ.

ಕಥೆ ಎಲ್ಲರಿಗೂ ತಿಳಿದುದೇ. ಜೀವವುಳ್ಳ ಪ್ರಾಣಿಯನ್ನು ಬಲಿಯಿಡಲು ಯಶೋಧರ ಒಪ್ಪಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದ. ಅಲ್ಲಿ ಸತ್ತವರು ಯಾರು? ಯಾರೂ ಇಲ್ಲ. ಆದರೂ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ನರಳಬೇಕಾಯಿತು. ಕತ್ತಿ ಹಿಟ್ಟನ್ನು ಕಡಿದರೂ ಸಂಕಲ್ಪ ಕೋಳಿಯನ್ನೇ ಕಡಿದಿತ್ತು. ದ್ರವ್ಯಹಿಂಸೆ ಇಲ್ಲದೆಯೂ ಭಾವಹಿಂಸೆ ಇರಬಲ್ಲದು ಎಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಹಾಗಾದರೆ ಚದುರಂಗವೂ ಹಿಂಸೆಯೇ ಎಂಬ ಆಕ್ಷೇಪ ಸಹಜ. ಇಲ್ಲೊಂದು ವ್ಯತ್ಯಾಸವಿದೆ. ಚದುರಂಗದ ಕುದುರೆಗೆ ಊರಿಲ್ಲ, ಹೆಸರಿಲ್ಲ. ಮಣೆಯ ಹೊರಗೆ ಅದಕ್ಕೆ ಅರ್ಥವೇ ಇಲ್ಲ. ಹಿಟ್ಟನ್ನು ಉಂಡೆಯಾಗಿ ಕಡಿದಿದ್ದರೆ ಯಶೋಧರನಿಗೂ ದೋಷವಿರುತ್ತಿರಲಿಲ್ಲ. ಅದನ್ನು ನೋಡಿದವರು ಕೋಳಿಯೆಂದೇ ಭಾವಿಸುವಂತೆ ರೂಪಿಸಿದ್ದರು. 'ಹಾರ್ಟ್ಸ್ ಆಫ್ ಐರನ್' ಕೂಡ ನಿಜವಾದ ದೇಶ, ನಿಜವಾದ ವರ್ಷ, ನಿಜವಾದ ಸೇನಾನಿಗಳ ಹೆಸರುಗಳನ್ನಿಟ್ಟುಕೊಂಡು ನಿಂತಿದೆ. ಹೋಲಿಕೆ ಹೆಚ್ಚಿದಂತೆ ಸಂಕಲ್ಪದ ಪಾಲೂ ಹೆಚ್ಚುತ್ತದೆ.

ತತ್ತ್ವಾರ್ಥಸೂತ್ರವು ರೌದ್ರಧ್ಯಾನಕ್ಕೆ ಹಿಂಸೆ, ಅಸತ್ಯ, ಚೌರ್ಯ, ವಿಷಯಸಂರಕ್ಷಣೆ ಎಂಬ ನಾಲ್ಕು ಮೂಲಗಳನ್ನು ಹೇಳುತ್ತದೆ. ಈ ಒರೆಗಲ್ಲಿಗೆ ಆ ಆಟವನ್ನು ಉಜ್ಜಿ ನೋಡಬಹುದು. ಅನ್ಯರ ತೈಲವನ್ನೂ ಲೋಹವನ್ನೂ ವಶಪಡಿಸಿಕೊಳ್ಳುವುದು ಅಲ್ಲಿ ಜಾಣತನ. ಗಳಿಸಿದ್ದನ್ನು ಕಾಯಲು ಮತ್ತಷ್ಟು ಸೈನ್ಯ ಕಟ್ಟುವುದು ಕರ್ತವ್ಯ. ಅತ್ಯಂತ ವಿಚಾರಣೀಯವಾದುದು ಅಸತ್ಯದ ಅಂಶ. ನೆರೆದೇಶದ ಮೇಲೆ ದಾಳಿಮಾಡಲು ಆಟಗಾರ ಮೊದಲು ಯುದ್ಧಕ್ಕೆ 'ಸಮರ್ಥನೆ'ಯನ್ನು ಸಿದ್ಧಪಡಿಸಬೇಕು. ಅದಕ್ಕೆ ಬೇಕಾದದ್ದು ನ್ಯಾಯವಲ್ಲ, ಒಂದಿಷ್ಟು ರಾಜಕೀಯ ಬಲದ ವೆಚ್ಚ ಮತ್ತು ಕೆಲವು ದಿನಗಳ ಕಾಯುವಿಕೆ. ದಿನ ತುಂಬಿದೊಡನೆ ಕಾರಣ ಹುಟ್ಟುತ್ತದೆ. ಲೋಕದ ಅನೇಕ ಯುದ್ಧಗಳು ಹೀಗೆಯೇ ಹುಟ್ಟಿದವೆಂಬುದು ಸತ್ಯವಾದ್ದರಿಂದ ಆಟದ ಈ ಚಿತ್ರಣ ನೈಜವೇ. ಆದರೆ ಇದು ಅಧರ್ಮವೆಂಬ ಒಂದು ಸೂಚನೆಯೂ ಆಟಗಾರನಿಗೆ ಸಿಗುವುದಿಲ್ಲ. ಅಮೃತಚಂದ್ರಸೂರಿಗಳು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅನರ್ಥದಂಡವನ್ನು ವಿವರಿಸುತ್ತ, ಪ್ರಯೋಜನವಿಲ್ಲದೆ ಜಯ, ಪರಾಜಯ, ಯುದ್ಧಗಳನ್ನು ಚಿಂತಿಸುತ್ತಿರುವುದನ್ನು ಅಪಧ್ಯಾನದಲ್ಲಿ ಸೇರಿಸಿದ್ದು ಇದಕ್ಕಾಗಿಯೇ.

ಇನ್ನು ಹಿಂಸೆಯ ವಿಚಾರ. ಜನರು ಇಲ್ಲಿ 'ಜನಬಲ'ವೆಂಬ ಸಂಖ್ಯೆ. ಸತ್ತವರು ಆ ಸಂಖ್ಯೆಯಿಂದ ಕಳೆದ ಮೊತ್ತ. ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಘೋರಕೃತ್ಯವಂತೂ ಆಟದಲ್ಲಿ ಇಲ್ಲವೇ ಇಲ್ಲ. ಅಂಥದ್ದು ಯಾರ ಆಟವೂ ಆಗಬಾರದೆಂಬ ಸಂಕೋಚ ಮೆಚ್ಚತಕ್ಕದ್ದೇ. ಆದರೆ ಅದರ ಪರಿಣಾಮವಾಗಿ ಅಂದಿನ ಜರ್ಮನಿಯನ್ನು ಗೆಲ್ಲಿಸಿದ ತರುಣ ತಾನು ಏನನ್ನು ಗೆಲ್ಲಿಸಿದೆನೆಂಬುದನ್ನು ಅರಿಯದೆಯೇ ಎದ್ದುಹೋಗುತ್ತಾನೆ.

ಮೊತ್ತದ ಹಿಂದೆ ಅಡಗುವುದೇನೆಂದು ತಿಳಿಯಲು ಬೀದರ ಜಿಲ್ಲೆಯವರು ಯುರೋಪಿನವರೆಗೆ ಹೋಗಬೇಕಾಗಿಲ್ಲ. ಈ ಆಟದ ಕಾಲದ ಅಂಚಿನಲ್ಲೇ 1948 ಇದೆ. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನವಿರಾಮ ಸಾರಿದರು. ನಕ್ಷೆಯ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ನೆಲದ ಮಟ್ಟಿಗೆ ಮುಗಿಯಲಿಲ್ಲ. ಆ ಕಾರ್ಯಾಚರಣೆಯ ವೇಳೆ ಮತ್ತು ಅನಂತರ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡಗಳೊಡನೆ ಬೀದರೂ ಒಂದು. ಆ ದುಃಖ ಯಾವುದೋ ಒಂದೇ ಮತದವರದಾಗಿರಲಿಲ್ಲ. ನಕ್ಷೆಯಲ್ಲಿ ಬಣ್ಣ ಬದಲಾಗಲು ಐದು ದಿನ ಸಾಕಾಯಿತು. ಹಳ್ಳಿಗಳ ನೆನಪಿನಿಂದ ಆ ವರ್ಷ ಇನ್ನೂ ಹೋಗಿಲ್ಲ. ಈ ಎರಡನೆಯ ಸತ್ಯವನ್ನು ತಿಳಿಸದ ಆಟ, ಎಷ್ಟೇ ಜಟಿಲವಾಗಿರಲಿ, ಅಪೂರ್ಣ.

ಈ ಜಾತಿಯ ಆಟಗಳೆಲ್ಲ ಹೀಗೆಯೇ ಎನ್ನುವುದೂ ಅನ್ಯಾಯ. 1985ರಲ್ಲಿ ಅಮೆರಿಕದ ಕ್ರಿಸ್ ಕ್ರಾಫರ್ಡ್ ರಚಿಸಿದ 'ಬ್ಯಾಲೆನ್ಸ್ ಆಫ್ ಪವರ್' ಆಟದಲ್ಲಿ ಆಟಗಾರ ಅಮೆರಿಕದ ಅಧ್ಯಕ್ಷ ಅಥವಾ ಸೋವಿಯತ್ ಒಕ್ಕೂಟದ ನಾಯಕ. ಎಂಟು ವರ್ಷ ತನ್ನ ದೇಶದ ಪ್ರತಿಷ್ಠೆಯನ್ನು ಬೆಳೆಸುತ್ತಲೇ ಪರಮಾಣು ಯುದ್ಧ ಸಂಭವಿಸದಂತೆ ನೋಡಿಕೊಳ್ಳಬೇಕು. ಬಿಕ್ಕಟ್ಟು ಬಂದಾಗ ಹಿಂದೆ ಸರಿಯಬೇಕು, ಇಲ್ಲವೆ ಹಟ ಹಿಡಿಯಬೇಕು. ಹಟ ಮಿತಿಮೀರಿದರೆ ಯುದ್ಧ. ಯುದ್ಧವಾದರೆ ಇಬ್ಬರಿಗೂ ಸೋಲು. ಆಗ ಸ್ಫೋಟದ ಚಿತ್ರವನ್ನೂ ಆಟ ತೋರಿಸುವುದಿಲ್ಲ. ವೈಫಲ್ಯಕ್ಕೆ ಬಹುಮಾನವಿಲ್ಲವೆಂದು ಹೇಳಿ ಮುಗಿಯುತ್ತದೆ. ಮಾನಕಷಾಯವನ್ನು ನಿಗ್ರಹಿಸಿದವನೇ ಇಲ್ಲಿ ಉಳಿಯುತ್ತಾನೆ. ಬ್ರಿಟನ್ನಿನ ಇಂಟ್ರೊವರ್ಷನ್ ಸಂಸ್ಥೆಯ 'ಡೆಫ್‌ಕಾನ್' 2006ರಲ್ಲಿ ಬಂದ ಪರಮಾಣು ಯುದ್ಧದ ಆಟ. ನಗರದ ಮೇಲೆ ಕ್ಷಿಪಣಿ ಬಿದ್ದಾಗ ಸತ್ತವರ ಸಂಖ್ಯೆ ದಶಲಕ್ಷಗಳಲ್ಲಿ ಮೂಡುತ್ತದೆ, ಹಿನ್ನೆಲೆಯಲ್ಲಿ ಯಾರೋ ಅಳುವ ದನಿ ಕೇಳುತ್ತದೆ. ಅಂಕಗಳಿಂದ ಗೆದ್ದವನಿಗೂ ಗೆದ್ದ ಸಂತೋಷ ಉಳಿಯದು. ಕೃತ್ಯದೊಡನೆ ಫಲವನ್ನೂ ತೋರಿಸಬಲ್ಲ ಶಕ್ತಿ ಈ ಮಾಧ್ಯಮಕ್ಕೆ ಇದೆಯೆಂಬುದಕ್ಕೆ ಇವೆರಡೂ ಪ್ರಮಾಣ. ಆದುದರಿಂದ ದೋಷವಿರುವುದು ಗಣಕಯಂತ್ರದಲ್ಲಲ್ಲ, ಫಲವನ್ನು ಮುಚ್ಚಿಟ್ಟು ಕೃತ್ಯವನ್ನು ಮಾತ್ರ ರುಚಿಗೊಳಿಸುವ ರಚನೆಯಲ್ಲಿ.

ಪುರಾಣಗಳೂ ಯುದ್ಧವನ್ನು ವರ್ಣಿಸುತ್ತವೆ. ಪಂಪನ 'ಆದಿಪುರಾಣ'ದಲ್ಲಿ ಭರತಚಕ್ರಿಯ ಷಟ್ಖಂಡ ದಿಗ್ವಿಜಯಕ್ಕಿಂತ ದೊಡ್ಡ ತಂತ್ರದಾಟ ಯಾವುದಿದೆ? ಆದರೆ ಆ ದಿಗ್ವಿಜಯ ವೃಷಭಾಚಲದಲ್ಲಿ ನಿಲ್ಲುತ್ತದೆ. ತನ್ನ ಹೆಸರು ಕೆತ್ತಿಸಲೆಂದು ಹೋದ ಭರತನಿಗೆ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯೆಲ್ಲ ತುಂಬಿರುವುದು ಕಾಣುತ್ತದೆ. ಒಂದನ್ನು ಅಳಿಸಿಯೇ ತನ್ನದನ್ನು ಬರೆಸಬೇಕಾಗುತ್ತದೆ. ಮುಂದೆ ಸೈನ್ಯಗಳ ರಕ್ತಪಾತವನ್ನು ತಪ್ಪಿಸಲು ದೃಷ್ಟಿ, ಜಲ, ಮಲ್ಲಯುದ್ಧಗಳು ನಡೆದು, ಗೆದ್ದ ಬಾಹುಬಲಿ ಗೆದ್ದುದನ್ನೇ ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ಓದುಗನ ಗರ್ವ ಏರಿದಷ್ಟೇ ಎತ್ತರದಿಂದ ಇಳಿಯುತ್ತದೆ. 'ಹಾರ್ಟ್ಸ್ ಆಫ್ ಐರನ್'ನಲ್ಲಿ ದಿಗ್ವಿಜಯವಿದೆ, ವೃಷಭಾಚಲವಿಲ್ಲ.

ತಂದೆತಾಯಿಗಳು ಯಂತ್ರವನ್ನು ಕಸಿದುಕೊಳ್ಳುವುದರಿಂದ ಈ ಕೊರತೆ ತುಂಬದು, ಮಗನ ಪಕ್ಕದಲ್ಲಿ ಕುಳಿತು, "ಈ ಯುದ್ಧಕ್ಕೆ ಕಾರಣವೇನು? ಸತ್ತವರೆಷ್ಟು? ಅವರ ಮನೆಯವರ ಗತಿಯೇನು?" ಎಂದು ಕೇಳುವುದರಿಂದ ತುಂಬಬಹುದು. ಬಸದಿಗಳ ಪಾಠಶಾಲೆ ನಡೆಸುವ ಟ್ರಸ್ಟುಗಳು ಯಶೋಧರನ ಕಥೆಯನ್ನು ಬರಿಯ ಪ್ರಾಣಿಬಲಿಯ ನಿಷೇಧವೆಂದು ಕಲಿಸಿ ಮುಗಿಸದೆ, ತರುಣರು ನಿತ್ಯ ಆಡುವ ಆಟದೊಡನೆ ಇಟ್ಟು ಚರ್ಚಿಸಿದರೆ ಅವರೂ ಕಿವಿಗೊಟ್ಟಾರು. ಅಷ್ಟಾದ ಮೇಲೂ ಅವನು ಆಡಿದರೆ ಆಡಲಿ. ಹೊತ್ತು ಮುಳುಗುವ ಮುನ್ನ ತಾಯಿ ಕರೆದಾಗ, ಯುದ್ಧವನ್ನು ಅರ್ಧಕ್ಕೆ ಬಿಟ್ಟು ಏಳಲು ಅವನಿಗೆ ಸಾಧ್ಯವಾಗುವುದೇ ಎಂಬುದು ಅವನ ಮೊದಲ ಪರೀಕ್ಷೆ.