ಮುಗ್ಗಲು ಇಲ್ಲದ ಮಳೆಗಾಲ

ಫ್ರಾನ್ಸಿನ ಸುಗಂಧಕಾರ ಜಾನ್ ಕ್ಲೋದ್ ಎಲೆನಾ 2008ರಲ್ಲಿ ಎರ್ಮೆಸ್ ಸಂಸ್ಥೆಗಾಗಿ ಒಂದು ಸುಗಂಧ ಕಟ್ಟಿದರು. ಹೆಸರು ‘ಅನ್ ಜಾರ್ದಾಂ ಆಪ್ರೆ ಲಾ ಮೂಸೋಂ’, ಅಂದರೆ ಮಳೆಗಾಲದ ನಂತರದ ತೋಟ. ಪ್ರೇರಣೆ ಕೇರಳ. ಕೇರಳದ ಮಳೆ ನಮ್ಮ ಭಟ್ಕಳ, ಹೊನ್ನಾವರ, ಕುಮಟೆಗಳ ಮಳೆಗೆ ದಾಯಾದಿ. ಅದೇ ಕಡಲು, ಅದೇ ಘಟ್ಟ. ಜೂನ್‌ನಲ್ಲಿ ಅಲ್ಲಿಗೆ ಮುಟ್ಟಿದ ಮೋಡ ಕೆಲವು ದಿನಗಳಲ್ಲಿ ಶರಾವತಿ ದಾಟಿರುತ್ತದೆ. ಭಟ್ಕಳದ ಗೆಳೆಯನೊಬ್ಬ ದುಬೈಯಿಂದ ತಂದ ಈ ಶೀಸೆಯನ್ನು ಹೊನ್ನಾವರದಲ್ಲಿ ಕೂತು ಓದುವ ಹಕ್ಕು ನನಗೂ ಇದೆ ಎಂದುಕೊಂಡಿದ್ದೇನೆ. ‘ಓದುವ’ ಎಂದು ಬೇಕೆಂದೇ ಬರೆದೆ. ಬನವಾಸಿಯನ್ನು ನೆನೆಯುವ ಪಂಪ ಕೂಡ ಬಿರಿದ ಮಲ್ಲಿಗೆಯನ್ನು ‘ಕಂಡರೆ’ ಎನ್ನುತ್ತಾನೆಯೇ ಹೊರತು ಮೂಸಿದರೆ ಎನ್ನುವುದಿಲ್ಲ. ಮೂಗಿನ ವಿಮರ್ಶೆಗೆ ನಮ್ಮಲ್ಲಿ ರೂಢಿ ಕಡಿಮೆ.

ಎಲೆನಾ ಹುಟ್ಟಿದ್ದು 1947ರಲ್ಲಿ, ಮಲ್ಲಿಗೆ ಮತ್ತು ಗುಲಾಬಿಗೆ ಹೆಸರಾದ ಗ್ರಾಸ್ ಪಟ್ಟಣದಲ್ಲಿ. 1976ರಲ್ಲಿ ಅವರಿಗೆ ಹೆಸರು ತಂದ ‘ಫಸ್ಟ್’ ತುಂಬು ಸಂಸಾರದಂಥ ಸುಗಂಧ. ಆಮೇಲೆ ಅವರು ಕಳೆಯುತ್ತ ಹೋದರು. ಸುಗಂಧಕಾರರ ಕಪಾಟಿನಲ್ಲಿ ಸಾವಿರಕ್ಕೂ ಹೆಚ್ಚು ದ್ರವ್ಯಗಳಿರುವುದು ವಾಡಿಕೆ. ಎಲೆನಾ ಇನ್ನೂರರ ಆಸುಪಾಸಿಗೆ ಇಳಿಸಿಕೊಂಡರು. ಅವರು ತೋರಿಸುವ ಒಂದು ಆಟ ಪ್ರಸಿದ್ಧ. ಒಂದು ಕಾಗದದ ಪಟ್ಟಿಗೆ ವೆನಿಲಿನ್, ಇನ್ನೊಂದಕ್ಕೆ ಜೇನಿನ ವಾಸನೆಯ ಒಂದು ರಾಸಾಯನಿಕ. ಎರಡನ್ನೂ ಜೋಡಿಸಿ ಮೂಸಿದರೆ ಚಾಕೊಲೇಟು! ಉಳಿದದ್ದನ್ನು ಮೂಗೇ ತುಂಬಿಕೊಳ್ಳುತ್ತದೆ. ಒಳ್ಳೆಯ ಸಣ್ಣಕತೆಗಾರರು ಓದುಗರ ಮೇಲೆ ಇಡುವ ನಂಬಿಕೆಯೇ ಇದು.

ಮಳೆತೋಟದಲ್ಲೂ ಅದೇ ಕೈ. ಮೊದಲು ಏಲಕ್ಕಿ, ಕೊತ್ತಂಬರಿ ಬೀಜ, ಕಾಳುಮೆಣಸು, ಶುಂಠಿ. ಆದರೆ ಯಾವುದರಲ್ಲೂ ಖಾರವಿಲ್ಲ, ಒಲೆಯ ಬಿಸಿಯಿಲ್ಲ. ನಡುವೆ ಮೊಗೆಕಾಯಿ ಹೆಚ್ಚಿದಾಗ ಬರುವಂಥ ನೀರುನೀರಾದ ತಂಪು. ಕೊನೆಗೆ ಲಾವಂಚದ ಬೇರು. ಭಾರತ ಎಂದೊಡನೆ ಶ್ರೀಗಂಧ, ಧೂಪ ಸುರಿಯುವ ಚಾಳಿಗೆ ಅವರು ಬೀಳಲಿಲ್ಲ. ಅದಕ್ಕೆ ಪೂರ್ಣ ಅಂಕ.

ತಕರಾರು ಬೇರೆ ಕಡೆ ಇದೆ. ಕನೌಜಿನ ಅತ್ತರಿನವರು ಮಣ್ಣಿನ ಬಿಲ್ಲೆಗಳನ್ನು ಬಟ್ಟಿ ಇಳಿಸಿ, ಶ್ರೀಗಂಧದ ಎಣ್ಣೆಯಲ್ಲಿ ಮೊದಲ ಮಳೆಯ ವಾಸನೆ ಹಿಡಿಯುತ್ತಾರೆ. ಅದು ಕಾದು ಬಿರಿದ ನೆಲದವರ ಮಳೆ. ಎಲೆನಾ ಹಿಡಿದದ್ದು ಮಳೆ ನಿಂತ ಮೇಲಿನ ಹಸಿರು. ಎರಡರ ನಡುವಿನ ಮೂರೂವರೆ ತಿಂಗಳು ಎಲ್ಲಿ? ನಮ್ಮ ಮಳೆಗಾಲ ಇರುವುದೇ ಅಲ್ಲಿ: ಮುಗ್ಗಲು ಹಿಡಿದ ಚಾದರ, ಬಚ್ಚಲೊಲೆಯ ಹೊಗೆಯಲ್ಲಿ ಒಣಗಿದ ಅಂಗಿ, ಕೊಟ್ಟಿಗೆಯ ಕೊಳೆತ ಸೊಪ್ಪು, ಬೇಸಿಗೆಯಲ್ಲಿ ಕಟ್ಟಿಟ್ಟ ಒಣಮೀನು. ಸೆಪ್ಟೆಂಬರಿನ ಬಿಸಿಲು ಬಿದ್ದಾಗಲೂ ಅದು ಹೋಗುವುದಿಲ್ಲ, ಬೆಚ್ಚಗಾಗಿ ಏಳುತ್ತದೆ. ಕೊಳೆತದ್ದನ್ನು ಬಿಟ್ಟರೆ ತೋಟಕ್ಕೆ ಗೊಬ್ಬರವೇ ಇಲ್ಲ.

ಸುಗಂಧಕಾರರಿಗೆ ಇದು ಗೊತ್ತಿಲ್ಲದ್ದಲ್ಲ. ಸಂಜೆ ಬಿರಿಯುವ ಭಟ್ಕಳ ಮಲ್ಲಿಗೆಯ ಅಮಲಿನಲ್ಲಿ ಇಂಡೋಲ್ ಇದೆ. ಅದು ಮಲದಲ್ಲೂ ಇರುವ ವಸ್ತು. ಅದನ್ನು ತೆಗೆದರೆ ಮಲ್ಲಿಗೆ ಸಾಬೂನಾಗುತ್ತದೆ. ಮಲ್ಲಿಗೆಗೆ ಒಪ್ಪುವ ಈ ಲೆಕ್ಕ ಮಳೆಗೆ ಯಾಕೆ ಒಪ್ಪಲಿಲ್ಲ? ಕಳೆಯುವುದೇ ಶೈಲಿಯಾದಾಗ ಮೊದಲು ಹೋಗುವುದು ಅಲ್ಲಿ ಬದುಕುವವರ ವಾಸನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಈ ಕರಾವಳಿ ಯುರೋಪಿಗೆ ಅಂದು ಸಂಬಾರದ ಮೂಟೆ. ಈ ಶೀಸೆಯಲ್ಲೂ ಮೊದಲು ಮೂಗಿಗೆ ಬರುವುದು ಅದೇ ಮೂಟೆ, ತಣ್ಣಗೆ ಮಾಡಿ ಇಟ್ಟದ್ದು.

ಎಲೆನಾರ ಕೈ ಎಷ್ಟು ದೊಡ್ಡದು ಎಂದು ತಿಳಿಯಲು 2005ರ ‘ಅನ್ ಜಾರ್ದಾಂ ಸುರ್ ಲ ನಿಲ್’ ಮೂಸಬೇಕು. ಈಜಿಪ್ಟಿನ ಅಸ್ವಾನಿನಲ್ಲಿ ಮರದಲ್ಲಿ ತೂಗುತ್ತಿದ್ದ ಮಾವಿನ ಮಿಡಿಗಳು ಅದಕ್ಕೆ ಮೂಲ. ಅದರಲ್ಲಿ ಹುಳಿ ಇದೆ, ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಘಾಟು ಇದೆ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಕುಮಟೆಯ ಮನೆಯಲ್ಲಿ ಆ ಶೀಸೆ ತೆರೆದರೆ, ಯಾರ ಮರದ್ದು ಎಂದು ಕೇಳಿಯಾರು.