‘ಚಿಕವೀರ ರಾಜೇಂದ್ರ’: ರಾಜ್ಯದ ಹಕ್ಕು, ಪ್ರಜೆಯ ಅಳಲು

ಪ್ರಜಾಪೀಡಕನಾದ ಅರಸನ ಕೈಯಿಂದ ರಾಜ್ಯವನ್ನು ತೆಗೆದುಕೊಳ್ಳುವ ಅಧಿಕಾರ ಮೇಲಣ ಸತ್ತೆಗೆ ಉಂಟೆ? ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಕಾದಂಬರಿಯ ತಿರುಳು ಈ ಪ್ರಶ್ನೆಯೇ. 1834ರಲ್ಲಿ ಕೊಡಗನ್ನು ವಶಮಾಡಿಕೊಂಡ ಕಂಪನಿ ಸರ್ಕಾರವು ಮುಂದಿಟ್ಟ ಕಾರಣಗಳಲ್ಲಿ ಪ್ರಜಾರಕ್ಷಣೆ ಮುಖ್ಯವಾದುದು. ಮಾಸ್ತಿಯವರು ಅರಸನ ಕ್ರೌರ್ಯವನ್ನು ಮರೆಮಾಚುವುದಿಲ್ಲ. ಅದರಿಂದಲೇ ಕಂಪನಿಯು ಧರ್ಮರಕ್ಷಕವೆಂದು ಒಪ್ಪುವುದೂ ಇಲ್ಲ. ಮಂತ್ರಿ ಬೋಪಣ್ಣನ ಇಕ್ಕಟ್ಟು ಇಲ್ಲಿಯದು: ದೊರೆಯನ್ನು ತೊರೆದರೆ ನಾಡು ಪರರ ಪಾಲು, ತೊರೆಯದಿದ್ದರೆ ಜನರ ಗೋಳು ತಪ್ಪದು. ಈ ಸಮತೂಕವೇ ಕೃತಿಯ ಹಿರಿಮೆ.

ಕೊರತೆಯೂ ಒಂದುಂಟು. ಪ್ರಜೆಯ ಅಳಲು ಇಲ್ಲಿ ಬಹುಮಟ್ಟಿಗೆ ಅರಮನೆಯ ಬಂಧುಗಳ, ಮಂತ್ರಿಗಳ ಬಾಯಿಂದಲೇ ಕೇಳಿಬರುತ್ತದೆ. ಅದೇ ಕಾಲದ ಮತ್ತೊಂದು ನಿದರ್ಶನವನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಈಗಿನ ಶಿವಮೊಗ್ಗ ಜಿಲ್ಲೆಗೆ ಸೇರಿದ ನಗರ ಸೀಮೆಯಲ್ಲಿ 1830ರಲ್ಲಿ ರೈತರೇ ಕೂಟ ಕಟ್ಟಿ ಕಂದಾಯದ ಅನ್ಯಾಯವನ್ನು ಎದುರಿಸಿದರು. 1831ರಲ್ಲಿ ಕಂಪನಿಯು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿಯ ವರದಿ ಬಂದುದು 1833ರಲ್ಲಿ. ತೀರ್ಪು ಮೊದಲು, ವಿಚಾರಣೆ ಆಮೇಲೆ! ರಾಜ್ಯವು ಒಡೆಯರಿಗೆ ಮರಳಿದುದು 1881ರಲ್ಲಿ.

ಮೇಲಣ ಸತ್ತೆಯೂ ಉತ್ತರ ಹೇಳಬೇಕೆಂಬ ತತ್ತ್ವವು 1994ರ ಎಸ್. ಆರ್. ಬೊಮ್ಮಾಯಿ ಮೊಕದ್ದಮೆಯ ತೀರ್ಪಿನಲ್ಲಿ ನೆಲೆಗೊಂಡಿತು: ರಾಜ್ಯ ಸರ್ಕಾರವನ್ನು ವಜಾ ಮಾಡುವ ಕೇಂದ್ರದ ಆಜ್ಞೆಯನ್ನು ನ್ಯಾಯಾಲಯವು ಪರಿಶೀಲಿಸಬಹುದು. ಕೊಡಗಿನವರಿಗಾದರೋ ದೊರೆ, ಕಂಪನಿ ಇವೆರಡರ ಹೊರತು ಮೊರೆಯಿಡಲು ಮೂರನೆಯ ಬಾಗಿಲಿರಲಿಲ್ಲ. ಕಾದಂಬರಿಯ ದುರಂತಕ್ಕೆ ಅರಸನ ದೌಷ್ಟ್ಯಕ್ಕಿಂತಲೂ ಇದೇ ಆಳವಾದ ಕಾರಣ.